ಅರ್ಧ ವರ್ಷದ ಹಿಂದೆ ಬಿಟ್ಟ ಸೇವ್: ಹಳೆಯ ಮತ್ತು ಇಂಡೀ ಆರ್‌ಪಿಜಿಗಳ ಜೊತೆ ಹನ್ನೆರಡು ವರ್ಷ

ಆರ್‌ಪಿಜಿಗಳ, ಅಂದರೆ ಪಾತ್ರ ವಹಿಸಿಕೊಂಡು ಕಥೆಯುದ್ದಕ್ಕೂ ಅದನ್ನು ಬೆಳೆಸುವ ವಿಡಿಯೋ ಗೇಮ್‌ಗಳ, ವಿಮರ್ಶೆ ಓದಿದಾಗಲೆಲ್ಲ ನನಗೊಂದು ಕೊರತೆ ಕಾಣುತ್ತದೆ. ಬರೆದವರು ಆಟ ಶುರು ಮಾಡಿದ ದಿನದಿಂದ ಮುಗಿಸುವ ದಿನದವರೆಗೆ ಬಿಡದೆ ಆಡಿರುತ್ತಾರೆ. ನನ್ನ ಆಟ ಹಾಗೆ ಸಾಗುವುದಿಲ್ಲ. ಮೂವತ್ತು ಗಂಟೆ ಆಡಿರುತ್ತೇನೆ, ಕೆಲಸ ಹೆಚ್ಚಾಗುತ್ತದೆ, ಆಟ ಅಲ್ಲಿಗೇ ನಿಲ್ಲುತ್ತದೆ. ಅರ್ಧ ವರ್ಷ ಕಳೆದು ಒಂದು ರಾತ್ರಿ ಅದೇ ಸೇವ್ (ಆಟ ನಿಲ್ಲಿಸಿದಲ್ಲಿಗೆ ಉಳಿಸಿಟ್ಟ ದಾಖಲೆ) ತೆರೆಯುತ್ತೇನೆ. ಯಾವುದೋ ಊರಿನ ಬಾಗಿಲಲ್ಲಿ ನನ್ನ ಪಾರ್ಟಿ, ಅಂದರೆ ನಾನು ಆಡಿಸುವ ಪಾತ್ರಗಳ ತಂಡ, ನಿಂತಿರುತ್ತದೆ. ಎಲ್ಲಿಗೆ ಹೊರಟಿದ್ದೆ, ಯಾರನ್ನು ಹುಡುಕುತ್ತಿದ್ದೆ, ಚೀಲದಲ್ಲಿರುವ ಈ ಕೀಲಿ ಯಾವ ಬಾಗಿಲಿನದು, ಒಂದೂ ನೆನಪಿಗೆ ಬರುವುದಿಲ್ಲ. ಆ ಹೊತ್ತಿನಲ್ಲಿ ಆಟ ನನ್ನನ್ನು ಹೇಗೆ ಒಳಗೆ ಕರೆದುಕೊಳ್ಳುತ್ತದೆ? ಹನ್ನೆರಡು ವರ್ಷಗಳಿಂದ ನಾನು ಈ ಆಟಗಳನ್ನು ಅಳೆಯುತ್ತ ಬಂದಿರುವುದು ಇದೊಂದೇ ಪ್ರಶ್ನೆಯಿಂದ. ಚಿತ್ರ, ಸಂಗೀತ, ಕಥೆ ಎಲ್ಲ ಆಮೇಲಿನ ಮಾತು.

ಮೊದಲಿಗೆ ಕ್ರೋನೋ ಟ್ರಿಗರ್. 1995ರ ಆಟ. ನಾನು ಇದನ್ನು ನಡುವೆ ಬಿಟ್ಟು ಮರಳಿದ್ದು ಎರಡು ಸಲ, ಎರಡು ಸಲವೂ ಹತ್ತೇ ನಿಮಿಷದಲ್ಲಿ ದಾರಿ ಸಿಕ್ಕಿತು. ಕಾರಣ ಆಟದ ಕಟ್ಟಣೆಯಲ್ಲೇ ಇದೆ. ಬೇರೆ ಬೇರೆ ಯುಗಗಳ ನಡುವೆ ಓಡಾಡುವ ಕಥೆ ಇದು, ಸುಲಭವಾಗಿ ಗೋಜಲಾಗಬಹುದಿತ್ತು. ಆದರೆ 'ಕಾಲದ ಕೊನೆ' ಎಂಬ ಜಾಗದಲ್ಲಿ ದೀಪದ ಕಂಬದ ಕೆಳಗೆ ಒಬ್ಬ ಮುದುಕ ನಿಂತಿರುತ್ತಾನೆ. ಅವನನ್ನು ಮಾತನಾಡಿಸಿದರೆ ಮುಂದೆ ಏನಿದೆ, ಯಾವ ಯುಗದಲ್ಲಿ ಯಾರಿಗೆ ನೆರವು ಬೇಕಾಗಿದೆ ಎಂದು ಸೂಚನೆ ಕೊಡುತ್ತಾನೆ. ಅದು ಮೆನುವಿನಲ್ಲಿ ಅಡಗಿದ ಪಟ್ಟಿಯಲ್ಲ, ಕಥೆಯೊಳಗಿನ ಒಬ್ಬ ಮನುಷ್ಯನ ಮಾತು. ಮರೆತವನಿಗೆ ಮರೆತೆನೆಂಬ ನಾಚಿಕೆಯೂ ಆಗುವುದಿಲ್ಲ. ಕಾದಾಟವೂ ಹಾಗೆಯೇ: ಶತ್ರುಗಳು ಬಹುಪಾಲು ಕಣ್ಣಿಗೆ ಕಾಣುವಂತೆ ಅಲ್ಲೇ ತಿರುಗಾಡುತ್ತಿರುತ್ತಾರೆ, ಪರದೆ ಬದಲಾಗದೆ ನಿಂತ ಜಾಗದಲ್ಲೇ ಯುದ್ಧ ಶುರುವಾಗುತ್ತದೆ. ಇಬ್ಬರು ಸೇರಿ ಒಂದು ವಿದ್ಯೆ, ಮೂವರು ಸೇರಿ ಇನ್ನೊಂದು ಎಂಬ ಏರ್ಪಾಡನ್ನು ಕೈ ತಾನಾಗಿ ನೆನಪಿಸಿಕೊಳ್ಳುತ್ತದೆ. ಮುಗಿದ ಮೇಲೆ ಗಳಿಸಿದ ಬಲದೊಂದಿಗೇ ಮತ್ತೆ ಮೊದಲಿನಿಂದ ಆಡುವ 'ನ್ಯೂ ಗೇಮ್ ಪ್ಲಸ್' ಎಂಬ ಹೆಸರು ಆಟಗಾರರ ಬಾಯಿಗೆ ಬಂದದ್ದೂ ಇಲ್ಲಿಂದಲೇ.

ಫೈನಲ್ ಫ್ಯಾಂಟಸಿ 6 ನನ್ನನ್ನು ಹಾಗೆ ಸಲೀಸಾಗಿ ಕರೆದುಕೊಳ್ಳಲಿಲ್ಲ. 1994ರ ಈ ಆಟದಲ್ಲಿ ಅರ್ಧ ದಾರಿಗೆ ಲೋಕವೇ ಹಾಳಾಗುತ್ತದೆ, ಸಂಗಡಿಗರೆಲ್ಲ ಚದುರಿಹೋಗುತ್ತಾರೆ. ಏರ್‌ಶಿಪ್ ಸಿಕ್ಕ ಮೇಲೆ ಯಾರನ್ನು ಮೊದಲು ಹುಡುಕಬೇಕು ಎಂಬುದು ಪೂರ್ತಿ ನಮಗೇ ಬಿಟ್ಟದ್ದು. ಎಂಟು ತಿಂಗಳ ನಂತರ ಸೇವ್ ತೆರೆದಾಗ ನಾನು ಏರ್‌ಶಿಪ್‌ನಲ್ಲಿದ್ದೆ, ಕೆಳಗೆ ಕಂದು ಬಣ್ಣದ ಭೂಮಿ, ತಲೆ ಪೂರ್ತಿ ಖಾಲಿ. ಮೊದಲ ಸಂಜೆ ಸುಮ್ಮನೆ ಅಲೆದೆ. ಎರಡನೆಯ ಸಂಜೆ ಒಂದು ವಿಷಯ ಹೊಳೆಯಿತು: ಇಲ್ಲಿ ದಾರಿ ತಪ್ಪುವುದಕ್ಕೆ ದಾರಿಯೇ ಇಲ್ಲ. ಸೆಲೆಸ್, ಎಡ್ಗರ್, ಸೆಟ್ಜರ್ ಈ ಮೂವರು ಸಿಕ್ಕಿದ್ದರೆ ಸಾಕು, ಕೊನೆಯ ಗೋಪುರಕ್ಕೆ ಹೋಗಬಹುದು. ಉಳಿದವರನ್ನು ಯಾವ ಕ್ರಮದಲ್ಲಾದರೂ ಹುಡುಕಬಹುದು, ಹುಡುಕದೆಯೂ ಇರಬಹುದು. ಚದುರಿದವರನ್ನು ಒಬ್ಬೊಬ್ಬರಾಗಿ ಸೇರಿಸುವುದೇ ಕಥೆಯಾಗಿರುವಾಗ, ಅವರನ್ನು ಮರೆತು ಬಂದ ನನಗೂ ಅವರನ್ನು ಮತ್ತೆ ಪರಿಚಯ ಮಾಡಿಕೊಳ್ಳುವ ಅವಕಾಶ ಸಿಕ್ಕಿತು. ಆ ಎರಡು ವಾರಗಳನ್ನು ನಾನು ಬಹಳ ಪ್ರೀತಿಯಿಂದ ನೆನೆಯುತ್ತೇನೆ.

ತೊಂದರೆಯಿದ್ದದ್ದು ರ್‍ಯಾಂಡಮ್ ಕಾದಾಟಗಳಲ್ಲಿ. ಶತ್ರು ಕಣ್ಣಿಗೆ ಕಾಣುವುದಿಲ್ಲ, ನಾಲ್ಕು ಹೆಜ್ಜೆ ಇಟ್ಟರೆ ಏಕಾಏಕಿ ಒಂದು ಯುದ್ಧ. ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲದವನಿಗೆ ಇದು ನಿಜವಾದ ಶಿಕ್ಷೆ, ಏಕೆಂದರೆ ಅಲೆದಾಟವೇ ಅವನ ಮದ್ದು. ಇದೇ ಆಟದ ಹೊಸ ಆವೃತ್ತಿಯಾದ ಪಿಕ್ಸೆಲ್ ರೀಮಾಸ್ಟರ್ 2023ರಲ್ಲಿ ಕನ್ಸೋಲ್‌ಗಳಿಗೆ ಬಂದಾಗ ಈ ಕಾದಾಟಗಳನ್ನು ನಿಲ್ಲಿಸುವ ಗುಂಡಿ ಸಿಕ್ಕಿತು, ಹಳೆಯ ಮಾದರಿಯ ಪಿಕ್ಸೆಲ್ ಅಕ್ಷರಗಳೂ ಸಿಕ್ಕವು. ಇಂಥ ಅನುಕೂಲಗಳಿಂದ ಆಟದ ಸತ್ವ ಹೋಗುತ್ತದೆ ಎಂದು ನನ್ನ ಜೊತೆ ಆಡುವ ಕೆಲವರು ಬಲವಾಗಿ ವಾದಿಸುತ್ತಾರೆ. ಅವರ ಮಾತಿನಲ್ಲಿ ತಿರುಳಿದೆ: ಗುಹೆಯೊಂದರಲ್ಲಿ ಮದ್ದು ಮುಗಿಯುತ್ತಿರುವಾಗ ಮುಂದೆ ಹೋಗಲೋ ಹಿಂದಿರುಗಲೋ ಎಂಬ ಆತಂಕ ಹುಟ್ಟುವುದು ಆ ಕಾದಾಟಗಳಿಂದಲೇ. ಆದ್ದರಿಂದ ನಾನು ಗುಹೆಯೊಳಗೆ ಅವನ್ನು ನಿಲ್ಲಿಸುವುದಿಲ್ಲ. ಮರೆತ ದಾರಿಯನ್ನು ಹುಡುಕುವಾಗ ಮಾತ್ರ ನಿಲ್ಲಿಸುತ್ತೇನೆ.

ಅರ್ಥ್‌ಬೌಂಡ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಜಪಾನಿನಲ್ಲಿ 1994ರಲ್ಲಿ ಮದರ್ 2 ಎಂದು ಬಂದ, ಶಿಗೆಸಾತೊ ಇತೊಯಿ ರೂಪಿಸಿದ ಆಟ. ಇದರಲ್ಲಿ ಸೇವ್ ಮಾಡಬೇಕೆಂದರೆ ಅಪ್ಪನಿಗೆ ಫೋನ್ ಮಾಡಬೇಕು. ಆಟದುದ್ದಕ್ಕೂ ಆ ಅಪ್ಪನ ಮುಖ ಕಾಣುವುದಿಲ್ಲ, ದನಿ ಮಾತ್ರ. ಮುಂದಿನ ಲೆವೆಲ್‌ಗೆ ಯಾರಿಗೆ ಎಷ್ಟು ಅನುಭವ ಬೇಕು ಎಂದು ಆತ ಹೇಳುತ್ತಾನೆ, ಇಲ್ಲಿಯವರೆಗಿನದನ್ನು ಬರೆದಿಡಲೇ ಎಂದು ಕೇಳುತ್ತಾನೆ. ಬಹಳ ಹೊತ್ತು ಬಿಡದೆ ಆಡಿದರೆ ಆತನೇ ಫೋನ್ ಮಾಡಿ, ಸ್ವಲ್ಪ ವಿಶ್ರಾಂತಿ ತಗೋ ಎನ್ನುತ್ತಾನೆ. ಆಟಗಾರ ಎದ್ದು ಹೋಗುವವನು, ಮರಳಿ ಬರುವವನು ಎಂದು ತಿಳಿದುಕೊಂಡೇ ಕಟ್ಟಿದ ಆಟ ಇದು. ಕಥಾನಾಯಕ ಹುಡುಗ ನೆಸ್ ಮನೆಯಿಂದ ಬಹಳ ದಿನ ದೂರವಿದ್ದರೆ ಅವನಿಗೆ ಮನೆಯ ಹಂಬಲ ಹತ್ತುತ್ತದೆ, ಯುದ್ಧದ ನಡುವೆಯೇ ಅಮ್ಮನನ್ನು ನೆನೆದು ತನ್ನ ಸರದಿ ಕಳೆದುಕೊಳ್ಳುತ್ತಾನೆ. ಅದಕ್ಕೆ ಮದ್ದು ಅಮ್ಮನಿಗೆ ಒಂದು ಫೋನ್. ಒಂದು ವರ್ಷ ಬಿಟ್ಟು ನಾನು ಮರಳಿದಾಗ ಮೊದಲು ಎದುರಾದದ್ದು ಇದೇ. ನೆಸ್ ಏಟು ಹಾಕದೆ ನಿಂತುಬಿಟ್ಟ. ಯಾಕೆಂದು ತಿಳಿಯಲು ಐದು ನಿಮಿಷ ಹಿಡಿಯಿತು, ತಿಳಿದಾಗ ಗಂಟಲು ಕಟ್ಟಿತು.

ಅದರ ಕಾದಾಟದಲ್ಲಿರುವ ಒಂದು ಯುಕ್ತಿಯನ್ನು ಇಂದಿನ ಆಟಗಳಲ್ಲೂ ನಾನು ಹುಡುಕುತ್ತಿರುತ್ತೇನೆ. ಜೀವದ ಅಂಕಿ ಹಳೆಯ ಮೀಟರಿನ ಗಾಲಿಗಳಂತೆ ಉರುಳುತ್ತ ಇಳಿಯುತ್ತದೆ. ಸಾಯುವಷ್ಟು ಏಟು ಬಿದ್ದರೂ ಅಂಕಿ ಸೊನ್ನೆಗೆ ಇಳಿಯುವುದರೊಳಗೆ ಮದ್ದು ಹಾಕಿದರೆ, ಇಲ್ಲವೇ ಯುದ್ಧ ಮುಗಿಸಿದರೆ, ಬದುಕಿಕೊಳ್ಳಬಹುದು. ಸರದಿಯ ಆಟಕ್ಕೆ ಇದಕ್ಕಿಂತ ಸರಳವಾಗಿ ಎದೆಬಡಿತ ತಂದದ್ದನ್ನು ನಾನು ಕಂಡಿಲ್ಲ. ನಾವು ಬಲಿತ ಮೇಲೆ ಸಣ್ಣಪುಟ್ಟ ಶತ್ರುಗಳು ನಮ್ಮನ್ನು ಕಂಡು ಓಡುತ್ತವೆ, ತಗುಲಿದರೆ ಯುದ್ಧವಿಲ್ಲದೆಯೇ ಗೆಲುವು ನಮ್ಮದು. ಕೊರತೆಗಳೂ ಇವೆ. ಓಡುವ ಗುಂಡಿ ಇಲ್ಲ, ನಡಿಗೆ ನಿಧಾನ. ಚೀಲ ಬಹಳ ಚಿಕ್ಕದು, ಅರ್ಧ ಜಾಗವನ್ನು ಕಥೆಗೆ ಬೇಕಾದ ಸಾಮಾನುಗಳೇ ತಿನ್ನುತ್ತವೆ.

ಹಳೆಯ ಆಟಗಳನ್ನು ಇಂದು ಡೌನ್‌ಲೋಡ್ ಮಾಡಿ ಆಡುವವರಿಗೆ ಒಂದು ಮಾತು: ಜೊತೆಗಿದ್ದ ಕಾಗದಗಳನ್ನು ಮೊದಲು ಹುಡುಕಿ. ಅರ್ಥ್‌ಬೌಂಡ್ ಅಮೆರಿಕದಲ್ಲಿ ಮಾರಾಟವಾದದ್ದು ದೊಡ್ಡ ಪೆಟ್ಟಿಗೆಯಲ್ಲಿ, ಒಳಗೆ ಪೂರ್ತಿ ಮಾರ್ಗದರ್ಶಿ ಪುಸ್ತಕವೇ ಇತ್ತು. 2013ರಲ್ಲಿ ಆಟ ವೀ ಯೂ ಎಂಬ ಆಟದ ಯಂತ್ರಕ್ಕೆ ಬಂದಾಗ ನಿಂಟೆಂಡೋ ಕಂಪನಿ ಆ ಪುಸ್ತಕವನ್ನು ಅಂತರ್ಜಾಲದಲ್ಲಿ ಓದಲು ಇಟ್ಟಿತು. 1985ರ ಅಲ್ಟಿಮಾ 4ರ ಪೆಟ್ಟಿಗೆಯಲ್ಲಿ ಬಟ್ಟೆಯ ಮೇಲೆ ಮುದ್ರಿಸಿದ ನಕ್ಷೆಯೂ ಪುಸ್ತಕಗಳೂ ಇದ್ದವು. ಇವನ್ನೆಲ್ಲ ಬಿಟ್ಟು ಬರೀ ಆಟವನ್ನು ತೆರೆದು "ಏನೂ ಅರ್ಥವಾಗಲ್ಲ" ಎಂದು ಒಂದು ನಕ್ಷತ್ರ ಕೊಡುವವರನ್ನು ನೋಡಿದರೆ ನನಗೆ ಬೇಸರವಾಗುತ್ತದೆ. ಅರ್ಧ ಆಟ ಇದ್ದದ್ದು ಆ ಕಾಗದಗಳಲ್ಲಿ.

ಅಲ್ಟಿಮಾ 4ನ್ನು ನಾನು ಮೂರು ಸಲ ಬಿಟ್ಟು ನಾಲ್ಕನೆಯ ಸಲ ಮುಗಿಸಿದೆ. ಇದರಲ್ಲಿ ಸಂಹರಿಸಲು ದೊಡ್ಡ ರಾಕ್ಷಸನಿಲ್ಲ. ಪ್ರಾಮಾಣಿಕತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಗೌರವ, ಅಧ್ಯಾತ್ಮ, ವಿನಯ ಎಂಬ ಎಂಟು ಗುಣಗಳನ್ನು ಬೆಳೆಸಿಕೊಂಡು 'ಅವತಾರ' ಆಗಬೇಕು. ಅದೇ ನಮ್ಮ ಅವತಾರ ಪದ, ಆಟವನ್ನು ರೂಪಿಸಿದ ರಿಚರ್ಡ್ ಗ್ಯಾರಿಯಟ್ ಎರವಲು ಪಡೆದದ್ದು. ಪ್ರತಿ ಗುಣಕ್ಕೂ ಒಂದು ಗುಡಿ, ಒಂದು ಮಂತ್ರ. ಅಧ್ಯಾತ್ಮದ ಮಂತ್ರ ಓಂ. ಮೂಲಿಕೆ ಮಾರುವವರು ಕುರುಡರು, ಎಷ್ಟು ನಾಣ್ಯ ಕೊಡುತ್ತೀರೆಂದು ನೀವೇ ಹೇಳಬೇಕು. ಕಡಿಮೆ ಕೊಟ್ಟರೆ ಅವರು ಏನೂ ಅನ್ನುವುದಿಲ್ಲ, ನಿಮ್ಮ ಪ್ರಾಮಾಣಿಕತೆ ಮಾತ್ರ ಸದ್ದಿಲ್ಲದೆ ಇಳಿಯುತ್ತದೆ. ಆದರೆ ಆಟ ಏನನ್ನೂ ಬರೆದಿಡುವುದಿಲ್ಲ. ಯಾವ ಊರಿನಲ್ಲಿ ಯಾರು ಯಾವ ಮಂತ್ರದ ಸುಳಿವು ಕೊಟ್ಟರು ಎಂಬುದನ್ನು ನೀವೇ ಬರೆದುಕೊಳ್ಳಬೇಕು. ನಾಲ್ಕನೆಯ ಸಲ ಗೆದ್ದದ್ದು ನನ್ನ ನೋಟ್‌ಬುಕ್. ಎರಡು ಸಾಲು ಓದಿದರೆ ಸಾಕು, ಆ ಊರಿನ ಬೀದಿ ಕಣ್ಣ ಮುಂದೆ ಬರುತ್ತಿತ್ತು. 2007ರಲ್ಲಿ ಬಂದ ಎಟ್ರಿಯನ್ ಒಡಿಸ್ಸಿ ಇದೇ ಅಭ್ಯಾಸವನ್ನು ಯಂತ್ರದೊಳಕ್ಕೆ ತಂದಿತು, ನಿಂಟೆಂಡೋ ಡಿಎಸ್‌ನ ಕೆಳಗಿನ ಪರದೆಯಲ್ಲಿ ನಕ್ಷೆಯನ್ನು ಕೈಯಾರೆ ಬಿಡಿಸುವಂತೆ ಮಾಡಿ. ಸ್ವಂತ ಕೈಬರಹದ ನಕ್ಷೆ ಎಷ್ಟು ದಿನದ ಮೇಲೂ ಮಾತನಾಡುತ್ತದೆ.

ಸೇವ್ ಎಂದಾಗ ಒಂದು ನೋವಿನ ವಿಷಯವನ್ನೂ ಹೇಳಿಬಿಡುತ್ತೇನೆ. ಯಂತ್ರಕ್ಕೆ ಸಿಕ್ಕಿಸುವ ಹಳೆಯ ಆಟದ ಡಬ್ಬಿಗಳಲ್ಲಿ, ಅಂದರೆ ಕಾರ್ಟ್ರಿಡ್ಜ್‌ಗಳಲ್ಲಿ, ಸೇವ್ ಉಳಿಯುವುದು ಒಳಗಿನ ನಾಣ್ಯದಾಕಾರದ ಬ್ಯಾಟರಿಯ ಬಲದಿಂದ. ಅದು ಸತ್ತ ದಿನ ಎಲ್ಲವೂ ಅಳಿಸಿಹೋಗುತ್ತದೆ. ಸೆಕೆಂಡ್ ಹ್ಯಾಂಡ್ ಕಾರ್ಟ್ರಿಡ್ಜ್ ಒಂದರಲ್ಲಿ ನಲವತ್ತು ಗಂಟೆ ಆಡಿದ್ದೆ. ಕೆಲವು ತಿಂಗಳ ನಂತರ ಹಾಕಿದಾಗ ಮೂರು ಸೇವ್ ಜಾಗಗಳೂ ಖಾಲಿ. ಬೆಸುಗೆ ಬಿಡಿಸಿ ಹೊಸ ಬ್ಯಾಟರಿ ಹಾಕಬಹುದು, ಆದರೆ ಹಳೆಯದನ್ನು ತೆಗೆದ ಕ್ಷಣದಲ್ಲಿ ಉಳಿದದ್ದೂ ಹೋಗುತ್ತದೆ, ಆದ್ದರಿಂದ ಮೊದಲೇ ಸೇವ್ ಅನ್ನು ಕಂಪ್ಯೂಟರ್‌ಗೆ ನಕಲು ಮಾಡಿಕೊಳ್ಳುವ ಸಾಧನ ಬೇಕು. ಬ್ಯಾಟರಿ ಬರುವ ಮೊದಲಿನ ಕಷ್ಟ ಇನ್ನೂ ದೊಡ್ಡದು. 1986ರ ಮೊದಲ ಡ್ರ್ಯಾಗನ್ ಕ್ವೆಸ್ಟ್ ಜಪಾನಿನಲ್ಲಿ, ಮತ್ತೆ ಶುರು ಮಾಡುವಾಗ ತುಂಬಲು, 20 ಅಕ್ಷರಗಳ ಗುಪ್ತಪದ ಕೊಡುತ್ತಿತ್ತು, ಎರಡನೆಯ ಆಟದಲ್ಲಿ ಅದು 52 ಅಕ್ಷರಗಳವರೆಗೆ ಬೆಳೆಯಿತು. ಒಂದು ಅಕ್ಷರ ತಪ್ಪಿ ಬರೆದುಕೊಂಡರೆ ಅಷ್ಟು ದಿನದ ಪಯಣ ಮುಗಿದಂತೆ.

ಇಂಡೀ ಆಟಗಳಿಗೆ, ಅಂದರೆ ದೊಡ್ಡ ಕಂಪನಿಗಳ ಆಸರೆಯಿಲ್ಲದೆ ಸಣ್ಣ ತಂಡಗಳು ಕಟ್ಟಿದವಕ್ಕೆ, ಬಂದರೆ, ಸೇವ್ ಎಂಬುದನ್ನೇ ಕಥೆಯ ವಸ್ತು ಮಾಡಿಕೊಂಡದ್ದು ಟೋಬಿ ಫಾಕ್ಸ್ 2015ರಲ್ಲಿ ತಂದ ಅಂಡರ್‌ಟೇಲ್. ಅರ್ಥ್‌ಬೌಂಡ್‌ನ ಪ್ರಭಾವ ಎದ್ದು ಕಾಣುತ್ತದೆ. ಶತ್ರುವನ್ನು ಕೊಲ್ಲದೆ ಮಾತಿನಿಂದ ಒಲಿಸಿ ಬಿಟ್ಟುಬಿಡಬಹುದು ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ನನ್ನನ್ನು ಹಿಡಿದಿಟ್ಟದ್ದು ಬೇರೆ: ನೀವು ಹಳೆಯ ಸೇವ್‌ಗೆ ಹಿಂದಿರುಗಿ ಮಾಡಿದ್ದನ್ನು ಬದಲಿಸಿದರೂ ಆಟ ಅದನ್ನು ಮರೆಯುವುದಿಲ್ಲ. ಒಬ್ಬರನ್ನು ಕೊಂದು, ಪಶ್ಚಾತ್ತಾಪದಿಂದ ಸೇವ್ ಮತ್ತೆ ತೆರೆದು, ಈ ಸಲ ಉಳಿಸಿದೆ. ಸ್ವಲ್ಪ ಮುಂದೆ ಒಂದು ಪಾತ್ರ ನಾನು ಮಾಡಿದ್ದನ್ನು ನನ್ನ ಮುಖಕ್ಕೇ ಹೇಳಿತು. ಬೇರೆ ಎಲ್ಲ ಆಟಗಳಲ್ಲಿ ಮರೆಯುವವನು ನಾನು, ನೆನಪಿಡಬೇಕಾದದ್ದು ಆಟ. ಆ ಸಂಬಂಧ ಇಲ್ಲಿ ಭಯ ಹುಟ್ಟಿಸಿತು. ಆರೇಳು ಗಂಟೆಯ ಆಟ, ಎರಡು ವಾರಾಂತ್ಯಗಳಲ್ಲಿ ಮುಗಿಯುತ್ತದೆ. ದಯವಿಟ್ಟು ಏನನ್ನೂ ಓದಿಕೊಳ್ಳದೆ ಆಡಿ.

ಚೈನ್ಡ್ ಎಕೋಸ್ (2022) ಬಹುಪಾಲು ಒಬ್ಬರೇ, ಮಥಿಯಾಸ್ ಲಿಂಡಾ, ಕಟ್ಟಿದ ಆಟ. ಪ್ರತಿ ಯುದ್ಧದ ನಂತರ ಜೀವ ಪೂರ್ತಿ ತುಂಬುತ್ತದೆ, ಆದ್ದರಿಂದ ಪ್ರತಿಯೊಂದು ಯುದ್ಧವೂ ಗಟ್ಟಿಯಾಗಿರುತ್ತದೆ. ಯುದ್ಧದ ಕಾವು ತೋರಿಸುವ ಓವರ್‌ಡ್ರೈವ್ ಪಟ್ಟಿ ಅತಿಯಾಗಿ ಬಿಸಿಯೇರದಂತೆ ನೋಡಿಕೊಳ್ಳುವ ಆಟ ಮಜವಾಗಿದೆ. ಆದರೆ ಹರಳುಗಳನ್ನು ಬೆಸೆದು ಆಯುಧಕ್ಕೆ ಕೂರಿಸುವ ಲೆಕ್ಕ ನನಗೆ ಮರಳಿ ಬಂದಾಗ ಪೂರ್ತಿ ಮರೆತಿತ್ತು, ಮತ್ತೆ ಕಲಿಯುವ ತಾಳ್ಮೆಯೂ ಇರಲಿಲ್ಲ. ಸೀ ಆಫ್ ಸ್ಟಾರ್ಸ್ (2023) ಇದಕ್ಕೆ ತದ್ವಿರುದ್ಧ. ಏಟು ಬೀಳುವ ಕ್ಷಣಕ್ಕೆ ಸರಿಯಾಗಿ ಗುಂಡಿ ಒತ್ತುವುದೇ ಅದರ ಜೀವಾಳ, ಅದು ಬೆರಳಿಗೆ ನೆನಪಿರುತ್ತದೆ. ಕಥೆ ನನಗೆ ಅಷ್ಟು ನಾಟಲಿಲ್ಲ, ಮಾತುಗಳು ಉದ್ದವಾದವು. ಮೂಲ ರೀತಿಯಲ್ಲಿ ಆಡುವಾಗ ಸತ್ತರೆ ಮೊದಲಿನಿಂದ ಶುರುಮಾಡಬೇಕಾದ ಕೇವ್ಸ್ ಆಫ್ ಕಡ್‌ನಂಥವಕ್ಕೆ ನನ್ನ ಅಳತೆಗೋಲು ಹೊಂದುವುದಿಲ್ಲ, ಅವನ್ನು ಬೇರೆಯಾಗಿಯೇ ಬರೆಯಬೇಕು.

ಮರೆವಿಗೆ ಅತ್ಯಂತ ಚೆಂದದ ಉತ್ತರ ಕೊಟ್ಟದ್ದು ಎರಡು ಆಟಗಳು, ಎರಡರ ನಡುವೆ ಇಪ್ಪತ್ತು ವರ್ಷ. 1999ರ ಪ್ಲೇನ್‌ಸ್ಕೇಪ್: ಟಾರ್ಮೆಂಟ್‌ನ ನಾಯಕ ಶವಾಗಾರದಲ್ಲಿ ಕಣ್ಣು ಬಿಡುತ್ತಾನೆ, ತಾನು ಯಾರೆಂದು ಅವನಿಗೇ ಗೊತ್ತಿಲ್ಲ. ಅವನ ಬೆನ್ನ ಮೇಲೆ ಹಚ್ಚೆಯಲ್ಲಿ ಅವನಿಗೇ ಸೂಚನೆಗಳನ್ನು ಬರೆಯಲಾಗಿದೆ, ಜೊತೆಗೆ ತೇಲುವ ತಲೆಬುರುಡೆ ಅದನ್ನು ಓದಿ ಹೇಳುತ್ತದೆ. 2019ರ ಡಿಸ್ಕೋ ಎಲಿಸಿಯಂನ ಪತ್ತೇದಾರನೂ ಎಲ್ಲ ಮರೆತೇ ಏಳುತ್ತಾನೆ. ಅಲ್ಲಿ ಕತ್ತಿ ಬೀಸುವ ಕಾದಾಟವಿಲ್ಲ, ಅವನ 24 ಕೌಶಲಗಳೇ ತಲೆಯೊಳಗೆ ವಾದ ಮಾಡುತ್ತಿರುತ್ತವೆ. ಜೊತೆಗಾರ ಕಿಮ್ ಕಿತ್ಸುರಾಗಿ ನೋಟ್‌ಬುಕ್ ಹಿಡಿದು ತಾಳ್ಮೆಯಿಂದ ಪಕ್ಕದಲ್ಲಿರುತ್ತಾನೆ. ಐದು ತಿಂಗಳ ಮೇಲೆ ಮರಳಿ, ಕೊಲೆಯಾದವನ ಹೆಸರೂ ನೆನಪಿಲ್ಲದೆ, ದಡ್ಡತನದ ಪ್ರಶ್ನೆಗಳನ್ನೇ ಆಯ್ದು ಕೇಳುತ್ತ ಹೋದೆ. ಆ ಪಾತ್ರ ಕೇಳಬೇಕಾದ ಪ್ರಶ್ನೆಗಳೂ ಅವೇ ಆಗಿದ್ದವು. ಎರಡರಲ್ಲೂ ಓದು ಬಹಳ ಇದೆ, ನಿದ್ದೆಗಣ್ಣಿನಲ್ಲಿ ಆಡುವಂಥವಲ್ಲ.

ಈಗ ನನ್ನ ಬಳಿ ಅರ್ಧಕ್ಕೆ ನಿಂತಿರುವುದು ಅಂಡರ್‌ಟೇಲ್‌ನ ಟೋಬಿ ಫಾಕ್ಸ್ ಅಧ್ಯಾಯಗಳಾಗಿ ತರುತ್ತಿರುವ ಡೆಲ್ಟಾರೂನ್, ಇದರಲ್ಲಿ ನಿಲ್ಲಿಸಿದ್ದು ನಾನಲ್ಲ. ಮೊದಲ ಅಧ್ಯಾಯ 2018ರಲ್ಲಿ, ಎರಡನೆಯದು 2021ರಲ್ಲಿ, ಮೂರು ಮತ್ತು ನಾಲ್ಕು 2025ರ ಜೂನ್‌ನಲ್ಲಿ ಬಂದವು. ಒಟ್ಟು ಏಳು ಎಂಬುದು ಯೋಜನೆ. ಒಂದು ಅಧ್ಯಾಯ ಮುಗಿಸಿದ ಸೇವ್ ಮುಂದಿನದಕ್ಕೆ ಬುನಾದಿಯಾಗುತ್ತದೆ. ನಾಲ್ಕನೆಯದನ್ನು ಮುಗಿಸಿದ ರಾತ್ರಿಯೇ ಸೇವ್ ಅನ್ನು ಎರಡು ಕಡೆ ನಕಲು ಮಾಡಿಟ್ಟೆ, ಯಾರು ಯಾರಿಗೆ ಏನು ಮಾತು ಕೊಟ್ಟಿದ್ದಾರೆಂದು ಅಲ್ಟಿಮಾದ ಅದೇ ನೋಟ್‌ಬುಕ್‌ನಲ್ಲಿ ಒಂದೂವರೆ ಪುಟ ಬರೆದಿಟ್ಟೆ.