ಗೂಗಲ್ ಬಿಸಿನೆಸ್ ಪ್ರೊಫೈಲ್: ಗಿರಾಕಿಯ ದೂರಿಗೆ ಉತ್ತರ ಕೊಡಲು ಹೋಟೆಲಿನವರಿಗೆ ಎಷ್ಟು ಉಪಯೋಗ?

ಉಡುಪಿಯ ರಥಬೀದಿ ಸುತ್ತ ಊಟಕ್ಕೆ ಜಾಗ ಹುಡುಕುವವರಾಗಲಿ, ಮಂಗಳೂರಿನ ಹಂಪನಕಟ್ಟೆಯಲ್ಲಿ ಬಸ್ಸಿಳಿದು ಐಸ್‌ಕ್ರೀಮ್ ಪಾರ್ಲರ್ ಕೇಳುವವರಾಗಲಿ, ಈಗ ಮೊದಲು ತೆರೆಯುವುದು ಗೂಗಲ್ ಮ್ಯಾಪ್. ಅಲ್ಲಿನ ರಿವ್ಯೂಗಳ ಕೆಳಗೆ ಅಂಗಡಿಯವರೂ ತಮ್ಮ ಬಿಸಿನೆಸ್ ಪ್ರೊಫೈಲ್ (ಗೂಗಲ್‌ನಲ್ಲಿ ಅಂಗಡಿಯ ವಿವರ ಇರುವ ಪುಟ) ಮೂಲಕ ಉತ್ತರ ಬರೆಯಬಹುದು, ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ದಿನಕ್ಕೆ ಹತ್ತು ನಿಮಿಷ ಕೂರುವವರಿದ್ದರೆ ಇದರಷ್ಟು ಪ್ರಯೋಜನದ ಸೌಲಭ್ಯ ಸಣ್ಣ ಹೋಟೆಲಿಗೆ ಬೇರೆ ಸಿಗುವುದು ಕಷ್ಟ.

ಇದರ ಹಳೆಯ ಹೆಸರು 'ಗೂಗಲ್ ಮೈ ಬಿಸಿನೆಸ್' 2021ರ ನವೆಂಬರಿನಲ್ಲಿ 'ಗೂಗಲ್ ಬಿಸಿನೆಸ್ ಪ್ರೊಫೈಲ್' ಎಂದು ಬದಲಾಯಿತು, ಹಳೆಯ ಆ್ಯಪ್ 2022ರಲ್ಲಿ ನಿಂತುಹೋಯಿತು. ಪ್ಲೇಸ್ಟೋರಿನಲ್ಲಿ ಹುಡುಕಿ ಫಲವಿಲ್ಲ. ಮಾಲೀಕರ ಜಿಮೇಲ್‌ನಲ್ಲಿ ಲಾಗಿನ್ ಆಗಿ ಗೂಗಲ್‌ನಲ್ಲಿ ಅಂಗಡಿಯ ಹೆಸರು ಹುಡುಕಿದರೆ ರಿವ್ಯೂ ಓದುವ ಬಟನ್ ಅಲ್ಲೇ ಸಿಗುತ್ತದೆ. ಅದಕ್ಕೆ ಮೊದಲು ಪ್ರೊಫೈಲ್ ದೃಢೀಕರಣ, ಅಂದರೆ ಅಂಗಡಿ ನಿಮ್ಮದೇ ಎಂದು ಗೂಗಲ್‌ಗೆ ಖಚಿತಪಡಿಸುವ ಕೆಲಸ, ಆಗಿರಬೇಕು. ಇದಕ್ಕಾಗಿ ಗೂಗಲ್ ವಿಡಿಯೋ ಕೇಳಿದರೆ ಬೀದಿ, ಬೋರ್ಡು, ಒಳಗಿನ ಕ್ಯಾಶ್ ಕೌಂಟರು ಎಲ್ಲವನ್ನೂ ಎಲ್ಲೂ ನಿಲ್ಲಿಸದೆ ಒಂದೇ ಸಲಕ್ಕೆ ತೆಗೆಯಿರಿ.

ಇನ್ನು ಉತ್ತರದ ವಿಷಯ. ಹೀಗೊಂದು ರಿವ್ಯೂ ಬಂತೆನ್ನಿ: "ಗೋಳಿಬಜೆ ಹೊರಗೆ ಕೆಂಪು, ಒಳಗೆ ಹಸಿ ಹಿಟ್ಟು. 25 ನಿಮಿಷ ಕಾದೆವು." ಇದರಡಿ "ಅನಾನುಕೂಲಕ್ಕೆ ವಿಷಾದಿಸುತ್ತೇವೆ, ಮತ್ತೆ ಬನ್ನಿ" ಎಂದು ಹಾಕಿ, ಅದನ್ನೇ ಮೇಲಿನ ಹತ್ತು ದೂರಿಗೂ ಅಂಟಿಸಿದ್ದರೆ ಓದುವವರಿಗೆ ಸಿಟ್ಟೇ ಬರುತ್ತದೆ. ಬದಲಿಗೆ ಹೀಗೆ ಬರೆಯಬಹುದು: "ನಮಸ್ಕಾರ. ಸಂಜೆಯ ರಶ್ಶಿಗೆ ಉರಿ ಜಾಸ್ತಿ ಮಾಡಿದ್ದರಿಂದ ಎಣ್ಣೆ ಅತಿಯಾಗಿ ಕಾದು ಬಜೆ ಹೊರಗೆ ಬೇಗ ಕೆಂಪಾಗಿದೆ, ಒಳಗೆ ಬೆಂದಿಲ್ಲ. ತಪ್ಪು ನಮ್ಮದು. ನಾಲ್ಕೂವರೆಗೆ ಎರಡನೇ ಬಾಣಲೆ ಇಡುತ್ತಿದ್ದೇವೆ. ಬಿಲ್ ತೋರಿಸಿದರೆ ಕೌಂಟರಿನಲ್ಲಿ ದುಡ್ಡು ವಾಪಸ್ ಕೊಡುತ್ತೇವೆ." ಏನಾಯಿತು, ಯಾಕಾಯಿತು, ಏನು ಬದಲಾಯಿತು, ಈ ಮೂರೂ ಇದರಲ್ಲಿವೆ. ನಾಳೆ ಬರಬೇಕೆಂದಿರುವ ಗಿರಾಕಿ ಓದುವುದೂ ಇದನ್ನೇ. ಎರಡನೇ ಬಾಣಲೆ ನಿಜಕ್ಕೂ ಇಟ್ಟಿದ್ದರೆ ಮಾತ್ರ ಹಾಗೆ ಬರೆಯಿರಿ. ದುಡ್ಡು ವಾಪಸ್ ಕೊಡುವುದಕ್ಕೆ "ರಿವ್ಯೂ ತೆಗೆದರೆ" ಎಂಬ ಷರತ್ತು ಸೇರಿಸಬೇಡಿ, ಅದು ಗೂಗಲ್ ನಿಯಮಕ್ಕೆ ವಿರುದ್ಧ. ಉತ್ತರದಲ್ಲಿ ಗಿರಾಕಿಯ ಫೋನ್ ನಂಬರು, ಬಿಲ್ಲಿನ ವಿವರ ಬೇಡವೇ ಬೇಡ.

ಒಂದು ರಿವ್ಯೂಗೆ ಒಂದೇ ಉತ್ತರ. ಆಮೇಲೆ ತಿದ್ದಬಹುದು, ಅಳಿಸಬಹುದು, ಆದರೆ ಮಾತಿಗೆ ಮಾತು ಬೆಳೆಸಲು ಜಾಗವಿಲ್ಲ. ಇದು ಒಳ್ಳೆಯದೇ. ಉತ್ತರ ಬಂದದ್ದು ಗಿರಾಕಿಗೆ ಗೊತ್ತಾಗುತ್ತದೆ, ಮನಸ್ಸು ಬದಲಾದರೆ ಅವರು ಸ್ಟಾರ್ ಏರಿಸಲೂಬಹುದು. ಬರೆದದ್ದು ತಕ್ಷಣ ಕಾಣದಿದ್ದರೆ ಗಾಬರಿ ಬೇಡ, ಗೂಗಲ್ ಪರಿಶೀಲಿಸಿ ಹಾಕುತ್ತದೆ. ಮಾಲೀಕರ ಸ್ವಂತ ಖಾತೆಯಿಂದ ಇನ್ನೊಂದು ರಿವ್ಯೂ ಬರೆದು ಉತ್ತರ ಕೊಡುವುದಂತೂ ದೊಡ್ಡ ತಪ್ಪು. ಸ್ವಂತ ಅಂಗಡಿಗೆ ರಿವ್ಯೂ ಬರೆಯುವಂತಿಲ್ಲ.

ಭಾಷೆ ಗಿರಾಕಿಯದ್ದೇ ಇರಲಿ. ತುಳುವಿನಲ್ಲಿ "ಕೋರಿರೊಟ್ಟಿ ಬಾರೀ ಎಡ್ಡೆ ಉಂಡು" (ಕೋರಿರೊಟ್ಟಿ ತುಂಬಾ ಚೆನ್ನಾಗಿದೆ) ಎಂದವರಿಗೆ "ಸೊಲ್ಮೆಲು, ನನಲಾ ಬಲೆ" (ಧನ್ಯವಾದ, ಮತ್ತೆ ಬನ್ನಿ) ಎಂದರೆ ಆಗುವ ಖುಷಿಯೇ ಬೇರೆ. ದೂರಿಗೆ ಮಾತ್ರ ತುಳುವಿನ ಜೊತೆ ಕನ್ನಡದಲ್ಲೂ ಒಂದು ಸಾಲು ಹಾಕಿ, ಘಟ್ಟದ ಮೇಲಿನವರಿಗೂ ಅರ್ಥವಾಗಬೇಕಲ್ಲ.

ಕೊರತೆಗಳೂ ಇವೆ. ಕೆಟ್ಟ ರಿವ್ಯೂ ಅಳಿಸುವ ಅಧಿಕಾರ ಅಂಗಡಿಗಿಲ್ಲ. ಬೈಗುಳವೋ, ನಕಲಿಯೋ ಆಗಿದ್ದರೆ ರಿಪೋರ್ಟ್ ಮಾಡಬಹುದು ಅಷ್ಟೆ. ಸಾಂಬಾರು ಸಿಹಿ ಎಂಬ ಅಭಿಪ್ರಾಯ ಹಾಗೇ ಉಳಿಯುತ್ತದೆ. ಗಿರಾಕಿಯೊಡನೆ ಖಾಸಗಿಯಾಗಿ ಮಾತಾಡಲು ಇದ್ದ ಚಾಟ್ ಸೌಲಭ್ಯವನ್ನು ಗೂಗಲ್ 2024ರ ಜುಲೈ 31ಕ್ಕೆ ನಿಲ್ಲಿಸಿತು. ಹಾಗಾಗಿ ಪ್ರೊಫೈಲಿನಲ್ಲಿ ಸರಿಯಾದ ಫೋನ್ ನಂಬರ್ ಇರಲೇಬೇಕು.

"ಹೋದಾಗ ಬಾಗಿಲು ಹಾಕಿತ್ತು" ಎಂಬ ದೂರಿಗೆ ಉತ್ತರಕ್ಕಿಂತ ಸಮಯ ತಿದ್ದುವುದೇ ಮದ್ದು. ವಾರದ ರಜೆ, ಹಬ್ಬದ ದಿನದ ವಿಶೇಷ ಸಮಯ ಎರಡನ್ನೂ ಪ್ರೊಫೈಲಿನಲ್ಲಿ ಹಾಕಬಹುದು. ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಕೃಷ್ಣಮಠದ ಪರ್ಯಾಯ ಉತ್ಸವ ಬಂದಾಗ ಉಡುಪಿಯವರು ಇದನ್ನು ಮರೆಯಲೇಬಾರದು.

ಉತ್ತರ ಬರೆಯುವ ಕೆಲಸ ಕ್ಯಾಶಿನ ಹುಡುಗನಿಗೆ ವಹಿಸುವುದಾದರೆ ಪಾಸ್‌ವರ್ಡ್ ಕೊಡಬೇಡಿ. ಅವನ ಜಿಮೇಲನ್ನು ಮ್ಯಾನೇಜರ್ ಎಂದು ಸೇರಿಸಿ, ಕೆಲಸ ಬಿಟ್ಟ ದಿನವೇ ತೆಗೆದುಬಿಡಿ.