ದುಡ್ಡು ಕೊಟ್ಟ ಕ್ಯಾಡ್, ನಾವೇ ಬರೆದ ‘ಲೆಕ್ಕ’: ಏಳು ವರ್ಷ ಬಳಸಿದ ಮೇಲೆ

ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಡಿಸೈನ್ ಆಫೀಸು. ಟ್ರ್ಯಾಕ್ ಮತ್ತು ರ‍್ಯಾಲಿ ಬೈಕುಗಳಿಗೆ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿಯುವ ತೋಳು), ಟ್ರಿಪಲ್ ಕ್ಲ್ಯಾಂಪ್ (ಮುಂದಿನ ಫೋರ್ಕ್ ಹಿಡಿಯುವ ಭಾಗ), ಸಬ್‌ಫ್ರೇಮ್ (ಸೀಟು ಹೊರುವ ಹಿಂದಿನ ಚೌಕಟ್ಟು) ಮಾಡಿಕೊಡುತ್ತೇವೆ. 2018ರಿಂದ ಇಲ್ಲಿ ಎರಡು ಸಾಫ್ಟ್‌ವೇರ್ ಜೊತೆಜೊತೆಗೇ ಓಡುತ್ತಿವೆ. ಒಂದು, ವರ್ಷ ವರ್ಷ ಲೈಸೆನ್ಸ್ ಕಟ್ಟುವ ದೊಡ್ಡ ಕಂಪನಿಯ ಕ್ಯಾಡ್, ಅಂದರೆ ಕಂಪ್ಯೂಟರಿನಲ್ಲಿ ಭಾಗಗಳ ನಕ್ಷೆ ಬಿಡಿಸುವ ಸಾಫ್ಟ್‌ವೇರ್. ಹೆಸರು ಬೇಡ. ಇನ್ನೊಂದು ನಾವೇ ಬರೆದ, ಬೈಕಿನ ಅಳತೆಗಳ ಲೆಕ್ಕ ಹಾಕುವ ಪ್ರೋಗ್ರಾಂ. ಮೊದಲು ಎಕ್ಸೆಲ್ ಶೀಟ್ ಆಗಿತ್ತು, ಆಮೇಲೆ ಪೈಥಾನ್‌ಗೆ ತಂದೆವು. ಆಫೀಸಲ್ಲಿ ಅದಕ್ಕೆ ಸುಮ್ನೆ ‘ಲೆಕ್ಕ’ ಅಂತ ಕರೆಯುತ್ತೇವೆ.

ಮೊದಲು ಲೆಕ್ಕದ ಬಗ್ಗೆ. ಟ್ರ್ಯಾಕ್‌ನಿಂದ ರೈಡರ್ ಫೋನ್ ಮಾಡುತ್ತಾನೆ: “ಮುಂದಿನ ಸ್ಪ್ರಾಕೆಟ್ 15 ಹಲ್ಲಿಂದ 14ಕ್ಕೆ ಇಳಿಸಿದೆ ಸಾರ್, ಹಿಂಭಾಗ ಬೇರೆ ಥರ ಇದೆ.” 520 ಅಳತೆಯ ಚೈನ್‌ಗೆ ಪಿಚ್ ವ್ಯಾಸ (ಚೈನಿನ ಪಿನ್ನುಗಳು ಈ ಹಲ್ಲುಚಕ್ರವನ್ನು ಸುತ್ತುವ ವೃತ್ತದ ಅಡ್ಡಳತೆ) 76.4 ಮಿ.ಮೀ.ನಿಂದ 71.3ಕ್ಕೆ ಬರುತ್ತದೆ. ಚೈನ್ ಎಳೆಯುವ ಗೆರೆಯ ಮುಂದಿನ ತುದಿ ಎರಡೂವರೆ ಮಿ.ಮೀ. ಕೆಳಗಿಳಿಯುತ್ತದೆ, ಆಂಟಿ-ಸ್ಕ್ವಾಟ್, ಅಂದರೆ ಥ್ರಾಟಲ್ ಕೊಟ್ಟಾಗ ಹಿಂಭಾಗ ಕುಸಿಯದಂತೆ ತಡೆಯುವ ಗುಣ, ಏರುತ್ತದೆ. ಎಷ್ಟು ಏರಿತು, ಸ್ವಿಂಗ್‌ಆರ್ಮ್ ತಿರುಗುವ ಬಿಂದು (ಪಿವಟ್) ಎಷ್ಟು ಸರಿಸಬೇಕು, ಎರಡಕ್ಕೂ ಲೆಕ್ಕದಲ್ಲಿ ಉತ್ತರ ತಕ್ಷಣ ಸಿಗುತ್ತದೆ, ಅವನು ಫೋನ್ ಇಡುವ ಮೊದಲೇ. ಕ್ಯಾಡ್‌ನಲ್ಲೂ ಇದನ್ನು ಸ್ಕೆಚ್ ಹಾಕಿ ತೆಗೆಯಬಹುದು. ಆದರೆ ಸಸ್ಪೆನ್ಷನ್ ಒಂದೊಂದು ಮಟ್ಟಕ್ಕೆ ಇಳಿದಾಗಲೂ ಕೂತು ಅಳೆಯಬೇಕು. ಅರ್ಧ ದಿನ ಹೋಗುತ್ತದೆ.

ಇನ್ನು ಲೆಕ್ಕ ನಮ್ಮ ಮಾನ ಕಳೆದ ಕಥೆ. ಒಂದು ಬೈಕಿಗೆ 17 ಇಂಚಿನ ಮುಂದಿನ ಚಕ್ರ ತೆಗೆದು 19 ಹಾಕಿದೆವು. ರೇಕ್ (ಸ್ಟಿಯರಿಂಗ್ ಅಕ್ಷದ ಓರೆ) ಬದಲಾಗದಂತೆ ಫೋರ್ಕನ್ನು ಕ್ಲ್ಯಾಂಪಿನಲ್ಲಿ ಮೇಲಕ್ಕೆ ಸರಿಸಿದೆವು. 25 ಡಿಗ್ರಿ ರೇಕ್, 30 ಮಿ.ಮೀ. ಆಫ್‌ಸೆಟ್ (ಆ ಅಕ್ಷದಿಂದ ಫೋರ್ಕು ಎಷ್ಟು ಮುಂದಿದೆ ಅನ್ನುವ ಅಳತೆ). ಟ್ರೇಲ್ ಅಂದರೆ ಸ್ಟಿಯರಿಂಗ್ ಅಕ್ಷ ನೆಲ ಮುಟ್ಟುವ ಜಾಗಕ್ಕಿಂತ ಟೈರು ನೆಲ ಮುಟ್ಟುವ ಜಾಗ ಎಷ್ಟು ಹಿಂದಿದೆ ಅನ್ನುವುದು; ಅದು ಹೆಚ್ಚಿದರೆ ಹ್ಯಾಂಡಲ್ ಭಾರವಾಗುತ್ತದೆ. ಲೆಕ್ಕ ಹೇಳಿದ ಟ್ರೇಲ್ 107 ಮಿ.ಮೀ. ಬೈಕು ಹೊರಗೆ ಬಂದರೆ ಹ್ಯಾಂಡಲ್ ಕಲ್ಲಿನಷ್ಟು ಭಾರ! ಎರಡು ದಿನ ಸ್ಟಿಯರಿಂಗ್ ಬೇರಿಂಗನ್ನು ಬೈದೆವು. ಕೊನೆಗೆ ನೋಡಿದರೆ ಯಾರೋ ಚಕ್ರದ ತ್ರಿಜ್ಯವನ್ನು ಕೋಡಿನ ಒಳಗೇ 300 ಅಂತ ಬರೆದುಬಿಟ್ಟಿದ್ದರು. ಹೊಸ ಚಕ್ರಕ್ಕೆ 330 ಬೇಕಿತ್ತು. ನಿಜವಾದ ಟ್ರೇಲ್ 121. ಆ ‘ಯಾರೋ’ ನಾನೇ. ಅಂದಿನಿಂದ ಎರಡು ಹಳೇ ಬೈಕುಗಳ ಅಳತೆಯನ್ನು ಟೇಪ್ ಹಿಡಿದು ತೆಗೆದಿಟ್ಟಿದ್ದೇವೆ. ಕೋಡ್ ಮುಟ್ಟಿದವರು ಅವೆರಡನ್ನೂ ಓಡಿಸಿ, ಉತ್ತರ ತಾಳೆಯಾದರೆ ಮಾತ್ರ ಮನೆಗೆ ಹೋಗಬಹುದು.

ಕ್ಯಾಡ್‌ನಲ್ಲಿ ಅಂಥ ದಡ್ಡ ತಪ್ಪು ಕಣ್ಣಿಗೆ ಬೀಳುತ್ತದೆ, ಚಕ್ರ ಎದುರಿಗೇ ಕಾಣುತ್ತದಲ್ವಾ. ಚೈನ್ ಸ್ವಿಂಗ್‌ಆರ್ಮಿಗೆ ಉಜ್ಜುತ್ತದೋ, ಎಕ್ಸಾಸ್ಟ್ ಪೈಪಿಗೆ ಲಿಂಕೇಜ್ ತಾಗುತ್ತದೋ, ವೆಲ್ಡಿಂಗ್ ಜಿಗ್ (ಬೆಸೆಯುವಾಗ ಭಾಗ ಹಿಡಿದಿಡುವ ಚೌಕಟ್ಟು) ಹೇಗಿರಬೇಕು, ಡ್ರಾಯಿಂಗ್‌ನಲ್ಲಿ ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ) ಎಷ್ಟು, ಇವೆಲ್ಲ ಅದರ ಕೆಲಸ. ಸ್ಟೆಪ್ ಫೈಲ್ (ಬೇರೆ ಬೇರೆ ಕ್ಯಾಡ್‌ಗಳು ಓದಬಲ್ಲ 3ಡಿ ಫೈಲ್) ಕಳಿಸಿದರೆ ಸಿಎನ್‌ಸಿ ಶಾಪಿನವರು, ಅಂದರೆ ಕಂಪ್ಯೂಟರ್ ನಡೆಸುವ ಯಂತ್ರದಲ್ಲಿ ಭಾಗ ಕೊರೆಯುವವರು, ಒಂದು ಪ್ರಶ್ನೆಯೂ ಕೇಳುವುದಿಲ್ಲ. ಇದನ್ನೆಲ್ಲ ನಾವೇ ಬರೆಯುತ್ತೇವೆ ಅಂತ ಹೊರಡುವುದು ಹುಚ್ಚು.

ಸಿಟ್ಟು ಬರುವುದು ಬೇರೆ ಕಡೆ. ಒಂದು ಸೋಮವಾರ ಲೈಸೆನ್ಸ್ ಸರ್ವರ್ ಮಾತಾಡಲಿಲ್ಲ, ಕ್ಯಾಡ್ ತೆರೆಯಲಿಲ್ಲ, ಮೂರು ಜನ ಮಧ್ಯಾಹ್ನದವರೆಗೆ ಚಹಾ ಕುಡಿದೆವು. ಹೊಸ ಆವೃತ್ತಿಯಲ್ಲಿ ಸೇವ್ ಮಾಡಿದ ಫೈಲ್ ಹಳೆಯದರಲ್ಲಿ ತೆರೆಯುವುದಿಲ್ಲ. ಹಾಗಾಗಿ ಒಬ್ಬರು ಏರಿದರೆ ಎಲ್ಲರೂ ಏರಬೇಕು, ದುಡ್ಡು ಕಟ್ಟಬೇಕು.

ಒಂದು ತಮಾಷೆ: ದೊಡ್ಡ ಕ್ಯಾಡ್‌ಗಳಲ್ಲಿ ಒಂದಾದ ಕಟಿಯಾ ಕೂಡ ಹುಟ್ಟಿದ್ದು ಮನೆಯ ಪ್ರೋಗ್ರಾಂ ಆಗಿಯೇ. ಫ್ರಾನ್ಸಿನ ದಸೋ ವಿಮಾನ ಕಂಪನಿ 1970ರ ದಶಕದ ಕೊನೆಯಲ್ಲಿ ತನ್ನ ಬಳಕೆಗೆ ಬರೆಸಿಕೊಂಡದ್ದು. ಅದನ್ನು ಮಾರಲು 1981ರಲ್ಲಿ ಬೇರೆ ಕಂಪನಿಯೇ ಆಯಿತು. ನಮ್ಮ ಲೆಕ್ಕಕ್ಕೆ ಅಂಥ ಯೋಗವಿಲ್ಲ ಬಿಡಿ, ಬಟನ್‌ಗಳೇ ಇಲ್ಲ.

ಹೊಸದಾಗಿ ಶುರು ಮಾಡುವವರು ಕೇಳಿದರೆ ಮೊದಲು ಕ್ಯಾಡ್ ಕಲಿಯಿರಿ ಅನ್ನುತ್ತೇನೆ. ಬಜೆಟ್ ಇಲ್ಲದಿದ್ದರೆ ಫ್ರೀಕ್ಯಾಡ್ ಇದೆ, 2024ರ ನವೆಂಬರಿನಲ್ಲಿ 1.0 ಬಂತು. ಒಂದೇ ಪ್ರಶ್ನೆಯನ್ನು ಹತ್ತನೇ ಸಲ ಅಳೆಯುತ್ತಿದ್ದೀರಿ ಅನಿಸಿದ ದಿನ ನಿಮ್ಮ ಲೆಕ್ಕ ಬರೆಯಿರಿ. ನಾವು ಈ ಸಲ ಮೂರು ಲೈಸೆನ್ಸಿನ ಬದಲು ಎರಡೇ ಕಟ್ಟಿದ್ದೇವೆ. ಮೂರನೆಯವನು ಈಗ ಲೆಕ್ಕಕ್ಕೆ ಬಟನ್ ಹಾಕುತ್ತಿದ್ದಾನೆ.