ಡ್ರಾಫ್ಟ್‌ಕಿಂಗ್ಸ್, ಫ್ಲಟರ್, ಬೆಟ್ಜ್: ಮೂರರಲ್ಲೂ ದುಡ್ಡು ಹಾಕಿ ನೋಡಿದ ಮೇಲೆ

ಬೆಟ್ಟಿಂಗ್ ಕಂಪನಿಗಳ ಷೇರು ತೆಗೆದುಕೊಳ್ಳೋಣ ಅಂದರೆ ನಮ್ಮಲ್ಲಿ ದಾರಿ ಹೆಚ್ಚುಕಮ್ಮಿ ಮುಚ್ಚಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ 2025ರ ಆಗಸ್ಟ್‌ನಲ್ಲಿ ಬಂದ ಕಾಯ್ದೆ ನಿಷೇಧಿಸಿತು. ವಿದೇಶಕ್ಕೆ ಹಣ ಕಳಿಸಲು ಆರ್‌ಬಿಐ ಕೊಟ್ಟಿರುವ ಎಲ್‌ಆರ್‌ಎಸ್ ಯೋಜನೆ ಮೂಲಕ ಡಾಲರ್ ಕಳಿಸಿ ಅಮೆರಿಕದಲ್ಲಿ ತೆಗೆದುಕೊಳ್ಳಬಹುದು. ನಾನು ಮಾಡಿದ್ದು ಅದನ್ನೇ: ಡ್ರಾಫ್ಟ್‌ಕಿಂಗ್ಸ್, ಫ್ಲಟರ್ ಅನ್ನುವ ಎರಡು ಬೆಟ್ಟಿಂಗ್ ಕಂಪನಿಗಳ ಷೇರು, ಬೆಟ್ಜ್ ಅನ್ನುವ ಒಂದು ಫಂಡ್.

ಡ್ರಾಫ್ಟ್‌ಕಿಂಗ್ಸ್ ವಹಿವಾಟೆಲ್ಲ ಹೆಚ್ಚಾಗಿ ಅಮೆರಿಕದ್ದೇ. 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕ್ರೀಡಾ ಬೆಟ್ಟಿಂಗ್ ಮೇಲಿದ್ದ ಕೇಂದ್ರದ ತಡೆ ತೆಗೆದ ಮೇಲೆ ಒಂದೊಂದೇ ರಾಜ್ಯ ಬಾಗಿಲು ತೆರೆಯುತ್ತಾ ಬಂತು, ಷೇರಿನ ಕಥೆಯೆಲ್ಲ ಅದರ ಮೇಲೇ ನಿಂತಿದೆ. ಏರಿಳಿತ ಮಾತ್ರ ವಿಪರೀತ. 2021ರ ಮಾರ್ಚ್‌ನಲ್ಲಿ 70 ಡಾಲರ್ ದಾಟಿದ್ದು 2022ರಲ್ಲಿ 11ರ ಹತ್ತಿರ ಬಂದಿತ್ತು. ಅಲ್ಲಿನ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಜನ ನೆಚ್ಚಿಕೊಂಡ ತಂಡಗಳೇ ವಾರಗಟ್ಟಲೆ ಗೆದ್ದರೆ ಆ ತ್ರೈಮಾಸಿಕದ ಲಾಭಕ್ಕೆ ಪೆಟ್ಟು. ಅದು ಮುಂದಿನ ಸೀಸನ್‌ನಲ್ಲಿ ಸರಿಹೋಗುತ್ತದೆ ಬಿಡಿ.

ಸರಿಹೋಗದಿರುವುದು ತೆರಿಗೆ. ನ್ಯೂಯಾರ್ಕ್ ಆನ್‌ಲೈನ್ ಬೆಟ್ಟಿಂಗ್ ಆದಾಯದಲ್ಲಿ 51% ತೆಗೆದುಕೊಳ್ಳುತ್ತದೆ. ಇಲಿನಾಯ್ 2025ರ ಜುಲೈನಿಂದ ಪ್ರತಿ ಬೆಟ್‌ಗೂ ಶುಲ್ಕ ಹಾಕಿತು: ಮೊದಲ 2 ಕೋಟಿ ಬೆಟ್‌ಗಳಿಗೆ 25 ಸೆಂಟ್, ಆಮೇಲೆ 50. ಯಾರೋ ಒಬ್ಬ 2 ಡಾಲರ್ ಕಟ್ಟಿದರೆ ಅದರಲ್ಲಿ ಅರ್ಧ ಡಾಲರ್ ಅಲ್ಲೇ ಹೋಯಿತು, ಅವನು ಗೆಲ್ಲಲಿ ಸೋಲಲಿ! ಕೊನೆಗೆ ಕಂಪನಿಗಳು ಆ 50 ಸೆಂಟನ್ನು ಗ್ರಾಹಕರ ಮೇಲೇ ಹಾಕಿದವು. ಈ ಷೇರು ಇಟ್ಟುಕೊಂಡವರು ಮ್ಯಾಚ್‌ಗಿಂತ ಬಜೆಟ್ ನೋಡಬೇಕು ಅನ್ನುವುದು ನನಗೆ ಆಗ ಸ್ಪಷ್ಟವಾಯಿತು.

ಫ್ಲಟರ್ ಇದಕ್ಕಿಂತ ಗಟ್ಟಿ. ಅಮೆರಿಕದ ಫ್ಯಾನ್‌ಡ್ಯುಯಲ್ ಅದರದ್ದೇ, ಜೊತೆಗೆ ಬ್ರಿಟನ್, ಐರ್ಲೆಂಡ್‌ನ ಪ್ಯಾಡಿ ಪವರ್, ಬೆಟ್‌ಫೇರ್, ಇಟಲಿಯ ಸಿಸಾಲ್. ಒಂದು ಕಡೆ ಏಟು ಬಿದ್ದರೆ ಇನ್ನೊಂದು ಕಡೆಯ ದುಡ್ಡು ಕಾಯುತ್ತದೆ, ಅದಕ್ಕೇ ನನಗೆ ಇದರ ಮೇಲೆ ನಂಬಿಕೆ ಜಾಸ್ತಿ. ಆದರೆ ದೇಶ ಹೆಚ್ಚಾದಷ್ಟೂ ಸರ್ಕಾರಗಳೂ ಹೆಚ್ಚು, ಅಲ್ವಾ? ನಮ್ಮ ಕಾಯ್ದೆ ಬಂದಾಗ ಇಲ್ಲಿದ್ದ ಅದರ ಜಂಗ್ಲಿ ಗೇಮ್ಸ್ ಹಣದ ಆಟ ನಿಲ್ಲಿಸಬೇಕಾಯಿತು. ಅದೇ ನವೆಂಬರ್‌ನಲ್ಲಿ ಬ್ರಿಟನ್ ಆನ್‌ಲೈನ್ ಕ್ಯಾಸಿನೊ ತೆರಿಗೆಯನ್ನು 21ರಿಂದ 40%ಗೆ ಏರಿಸುವುದಾಗಿ ಹೇಳಿತು. ಇದರ ಮೇಲೆ ಮುಂದೆ ಏನಾಗುತ್ತದೆ ಅನ್ನುವುದರ ಮೇಲೆ ಹಣ ಹಾಕುವ ಕಾಲ್ಶಿ, ಪಾಲಿಮಾರ್ಕೆಟ್ ಥರದ ಭವಿಷ್ಯ ಮಾರುಕಟ್ಟೆಗಳ ಪೈಪೋಟಿ ಬೇರೆ, ಅದು ಎರಡೂ ಷೇರುಗಳಿಗೆ ತಲೆನೋವು.

ಬೆಟ್ಜ್ ಅಂದರೆ ಅಮೆರಿಕದ ರೌಂಡ್‌ಹಿಲ್ ಕಂಪನಿಯ ಇಟಿಎಫ್ (ಹಲವು ಕಂಪನಿಗಳ ಷೇರು ಒಟ್ಟಿಗೆ ಇರುವ, ಷೇರಿನ ಹಾಗೇ ಕೊಂಡು ಮಾರಬಹುದಾದ ಫಂಡ್), 2020ರ ಜೂನ್‌ನಲ್ಲಿ ಶುರುವಾಗಿದ್ದು. ಮೇಲಿನ ಎರಡೂ ಇದರಲ್ಲಿವೆ, ಎಂಟೇನ್, ಪಂದ್ಯದ ಡೇಟಾ ಮಾರುವ ಜೀನಿಯಸ್ ಸ್ಪೋರ್ಟ್ಸ್ ಕೂಡ. ವರ್ಷದ ಖರ್ಚು 0.75%, ಅಂದರೆ ಲಕ್ಷಕ್ಕೆ 750 ರೂಪಾಯಿ. ಸಾದಾ ಇಂಡೆಕ್ಸ್ ಫಂಡ್‌ಗೆ ಹೋಲಿಸಿದರೆ ದುಬಾರಿಯೇ. ಎಲ್ಲವೂ ಒಂದೇ ಉದ್ಯಮದವು, ಹಾಗಾಗಿ ಸುರಕ್ಷಿತ ಅಂತ ಸುಮ್ನೆ ನೆಮ್ಮದಿಯಾಗಿ ಕೂರುವ ಹಾಗಿಲ್ಲ. 2021ರ ಎತ್ತರದಿಂದ ಇದೂ ಅರ್ಧಕ್ಕಿಂತ ಜಾಸ್ತಿ ಕುಸಿದಿತ್ತು. ಆದರೂ ಯಾವುದೋ ಒಂದು ರಾಜ್ಯದ ತೆರಿಗೆ ಸುದ್ದಿಗೆ ಡ್ರಾಫ್ಟ್‌ಕಿಂಗ್ಸ್ ಬಿದ್ದಷ್ಟು ಇದು ಬೀಳುವುದಿಲ್ಲ.

ಈಗ ನನ್ನ ಹತ್ತಿರ ಬೆಟ್ಜ್ ಹೆಚ್ಚು, ಫ್ಲಟರ್ ಸ್ವಲ್ಪ ಇದೆ. ಡ್ರಾಫ್ಟ್‌ಕಿಂಗ್ಸ್ ಮಾರಿದೆ. ಹೊಸಬರು ಕೇಳಿದರೆ ಬೆಟ್ಜ್ ಅನ್ನುತ್ತೇನೆ, ಅದೂ ಒಟ್ಟು ಹೂಡಿಕೆಯಲ್ಲಿ ಚಿಕ್ಕ ಪಾಲು ಮಾತ್ರ. ಯಾವುದನ್ನೇ ತೆಗೆದುಕೊಳ್ಳಿ, ಒಂದೇ ಷೇರಿದ್ದರೂ ಐಟಿ ರಿಟರ್ನ್ಸ್‌ನಲ್ಲಿ ವಿದೇಶಿ ಆಸ್ತಿ ತೋರಿಸುವ ಷೆಡ್ಯೂಲ್ ಎಫ್‌ಎ ತುಂಬಬೇಕು. ಅದಕ್ಕೆ ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕ ಬೇಕು, ಏಪ್ರಿಲ್-ಮಾರ್ಚ್‌ದಲ್ಲ. ಬ್ರೋಕರ್ ಕಡೆಯಿಂದ ಆ ಸ್ಟೇಟ್‌ಮೆಂಟ್ ಮೊದಲೇ ತರಿಸಿಟ್ಟುಕೊಳ್ಳಿ.